ಅರ್ಧ ಟ್ಯಾಂಕ್ ನೀರು

ಮಾದೇವ, ಆ ನೀರನ್ನು ಚೆಲ್ಲಿಸಿದವನು ನಾನು. ಚೆಲ್ಲಿದವನು ಎಂದು ನಿನ್ನ ಹೆಸರು ಹೇಳಿದವನೂ ನಾನೇ. ಇಷ್ಟು ವರ್ಷ ನೀನು ನನ್ನನ್ನು ಪ್ರಾಣ ಉಳಿಸಿದವನು ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದೆ. ಅದು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು — ನನ್ನ ಮೇಲಲ್ಲ, ನಿನ್ನ ಮೇಲೆ. ತಪ್ಪು ಮಾಡಿದವನ ಕೊಬ್ಬು ಎಷ್ಟಿರುತ್ತದೆ ನೋಡು.

ನಾನು ಕೋಡಿಹಳ್ಳಿಯವನು, ಕನಕಪುರದ ಬಡಾವಣೆಗಳಿಗೆ ನೀರಿನ ಟ್ಯಾಂಕರ್ ಹೊಡೆಯುತ್ತಿದ್ದವನು. ನೀನು ಕೂಟಗಲ್ಲಿನಲ್ಲಿ ಕುರಿ ಕಾಯುತ್ತಿದ್ದವನು. ಒಬ್ಬನೇ ಏಜೆಂಟನ ಕೈಹಿಡಿದು ಇಬ್ಬರೂ ಗಲ್ಫಿಗೆ ಹೋದೆವು. ನಾನು ಡ್ರೈವರ್, ನೀನು ಕ್ಲೀನರ್. ನಾನು ಹಿಂದಿ ಕಲಿತೆ, ಒಂದಿಷ್ಟು ಅರಬ್ಬಿಯನ್ನೂ ಕಲಿತೆ. ನಿನಗೆ ಕನ್ನಡ ಬಿಟ್ಟು ಇನ್ನೊಂದು ಮಾತು ನಾಲಿಗೆಗೆ ಹತ್ತಲಿಲ್ಲ. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಸಾಹೇಬರ ಮುಂದೆ — ಎಲ್ಲ ಕಡೆಯೂ ನಾನೇ ನಿನ್ನ ಬಾಯಿ. ಅದು ನನಗೆ ಹೆಮ್ಮೆಯೂ ಆಗಿತ್ತು, ರೇಜಿಗೆಯೂ ಆಗಿತ್ತು.

ಪಕ್ಕದ ದೇಶದಲ್ಲಿ ಯುದ್ಧ ನಡೆದಿತ್ತು. ನೀನು ಅದನ್ನು ‘ಆ ಕಡೆ’ ಎನ್ನುತ್ತಿದ್ದೆ. ನಾನೂ ಹಾಗೇ ಅನ್ನುತ್ತೇನೆ. ಪರಿಹಾರ ಸಾಗಿಸುವ ಗುತ್ತಿಗೆ ನಮ್ಮ ಕಂಪನಿಗೆ ಸಿಕ್ಕಿತು. ಆ ದಿನ ಕದನವಿರಾಮ ಸೂರ್ಯ ಮುಳುಗುವ ತನಕ ಮಾತ್ರ. ಅಷ್ಟರಲ್ಲಿ ಗುಡ್ಡದಾಚೆಯ ಒಂದು ಶಾಲೆಗೆ ನೀರು ಮುಟ್ಟಿಸಿ ಬರಬೇಕು. ಆ ಊರಿನ ಜನವೆಲ್ಲ ಅಲ್ಲಿ ಆಶ್ರಯ ಪಡೆದಿದ್ದರು. ಅವರ ಪಂಪ್‌ಹೌಸ್ ಬಾಂಬಿಗೆ ಸಿಕ್ಕಿ ನೆಲಸಮವಾಗಿತ್ತು.

ನಾವು ಶಾಲೆ ಮುಟ್ಟಿದ್ದೇ ಎಣ್ಣೆಯ ಡಬ್ಬ, ಕ್ಯಾನು, ಪಾತ್ರೆ — ಸಿಕ್ಕಿದ್ದನ್ನು ಹಿಡಿದುಕೊಂಡು ಹೆಂಗಸರು ನುಗ್ಗಿದರು. ನೀನು ಪೈಪು ಹಿಡಿದು ನಿಂತು, ಕಂಕುಳಲ್ಲಿ ಕೂಸಿದ್ದವರನ್ನು ಮುಂದಕ್ಕೆ ಕರೆದೆ. “ಒಸಿ ತಡೀರವ್ವ, ಎಲ್ಲಾರ್ಗೂ ಐತೆ,” ಎಂದೆ, ಅಪ್ಪಟ ಕನ್ನಡದಲ್ಲಿ. ಅವರಿಗೆ ಏನು ತಿಳಿಯಿತೋ, ಸಾಲಾಗಿ ನಿಂತರು. ನನಗೆ ಆಗಲೂ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಆಗ ಎಲ್ಲೋ ಢಂ ಎಂದಿತು. ಶೆಲ್ಲೋ, ಗಾಳಿಗೆ ಬಡಿದ ಕಬ್ಬಿಣದ ಬಾಗಿಲೋ — ಇವತ್ತಿಗೂ ಗೊತ್ತಿಲ್ಲ. ನಾನು ಗಾಡಿ ಎತ್ತಿಬಿಟ್ಟೆ. ಪೈಪು ನಿನ್ನ ಕೈಯಿಂದ ಕಿತ್ತುಕೊಂಡು ಬಂತು. ನೀನು ವಾಲ್ವ್ ಮುಚ್ಚಿ, ಓಡಿ ಬಂದು ಬಾಗಿಲಿಗೆ ಜೋತುಬಿದ್ದೆ. ಕನ್ನಡಿಯಲ್ಲಿ ಒಬ್ಬ ಹೆಂಗಸು ಖಾಲಿ ಕ್ಯಾನು ಹಿಡಿದು ಗಾಡಿಯ ಹಿಂದೆ ಓಡಿ ಬರುತ್ತಿದ್ದಳು. ಧೂಳಿನಲ್ಲಿ ಕಾಣೆಯಾಗುವ ತನಕ ಓಡುತ್ತಲೇ ಇದ್ದಳು.

ಗುಡ್ಡ ಹತ್ತಿದ ಮೇಲೆ ಗಾಡಿ ನಿಲ್ಲಿಸಿದೆ. ಎಲ್ಲ ತಣ್ಣಗಿತ್ತು. ನೀನು ಹೇಳಿದ ಮಾತು ನೆನಪಿದೆಯೇ?

“ತಿರುಗ್ಸ್ಲಾ ಗಾಡೀನ. ಇನ್ನೂ ಹೊತ್ತೈತೆ, ಕೊಟ್ಬುಟ್ಟು ಬರಾನ.”

ತಿರುಗಿಸಬಹುದಾಗಿತ್ತು. ಆದರೆ ನನಗೆ ಭಯವಾಗಿತ್ತು, ಅದು ನಿನಗೆ ತಿಳಿಯಬಾರದಿತ್ತು. ಹಾಗೇ ಕಂಪನಿಯ ಕ್ಯಾಂಪಿಗೆ ಹೋದರೆ ಟ್ಯಾಂಕಿನಲ್ಲಿ ಉಳಿದ ನೀರು ನೋಡಿ ನಾನು ಓಡಿ ಬಂದವನೆಂದು ಎಲ್ಲರಿಗೂ ತಿಳಿಯುತ್ತಿತ್ತು. ಅದಕ್ಕೇ ಹೇಳಿದೆ — ಅರ್ಧ ಟ್ಯಾಂಕ್ ನೀರು ಇಳಿಜಾರಿನಲ್ಲಿ ಓಲಾಡುತ್ತದೆ, ಗಾಡಿ ಮಗುಚುತ್ತದೆ, ಇಬ್ಬರೂ ಸಾಯುತ್ತೇವೆ, ಇಳಿದು ವಾಲ್ವ್ ತೆಗಿ ಎಂದು. ಓಲಾಡುವುದು ನಿಜ. ಆದರೆ ಕನಕಪುರದ ಸುತ್ತ ಎಷ್ಟು ಇಳಿಜಾರಿನಲ್ಲಿ ನಾನು ಅರ್ಧ ಟ್ಯಾಂಕ್ ಇಳಿಸಿಲ್ಲ! ಕುರಿ ಕಾಯುವವನಿಗೆ ಅದೆಲ್ಲಿ ಗೊತ್ತಾಗಬೇಕು. ನೀನು ನಂಬಿದೆ. ಕ್ಯಾಬಿನ್ನಿನಲ್ಲಿದ್ದ ಕ್ಯಾನು ತುಂಬಿಸಿಕೊಂಡು, ಮುಖ ಬೇರೆ ಕಡೆ ತಿರುಗಿಸಿ, ಉಳಿದದ್ದನ್ನೆಲ್ಲ ಮರಳಿಗೆ ಬಿಟ್ಟೆ.

ನಾವು ಕ್ಯಾಂಪು ಮುಟ್ಟುವುದರೊಳಗೆ ಶಾಲೆಯಿಂದ ಫೋನ್ ಬಂದಿತ್ತು. ನೀರೆಲ್ಲಿ ಎಂದು ಸಾಹೇಬ ಕೇಳಿದ. ವಾಲ್ವ್ ಯಾರು ತೆಗೆದದ್ದು ಎಂದು ಕೇಳಿದ. ಇವನು, ಎಂದೆ — ಹೆದರಿ ನನ್ನನ್ನೂ ಓಡಿಸಿಕೊಂಡು ಬಂದ, ಬೇಡವೆಂದರೂ ಕೇಳದೆ ನೀರು ಚೆಲ್ಲಿದ. ನೀನು ಪಕ್ಕದಲ್ಲೇ ನಿಂತು ನನ್ನ ಬಾಯನ್ನೇ ನೋಡುತ್ತಿದ್ದೆ.

“ಏನಂದೆ ಕಣ್ಲಾ ಅವ್ರಿಗೆ?”

“ನಿನ್ ಪರವಾಗೇ ಹೇಳಿವ್ನಿ, ಬುಡು.”

ನೀನು ಸಾಹೇಬನಿಗೆ ಕೈಮುಗಿದೆ. ಉಪಕಾರವಾಯಿತು ಎಂದು ಮುಗಿದೆ. ಅವನು ಅದನ್ನು ತಪ್ಪೊಪ್ಪಿಗೆ ಎಂದುಕೊಂಡ.

ನಿನ್ನನ್ನು ಊರಿಗೆ ಅಟ್ಟಿದರು. ಕೆಲಸ ಕಡಿಮೆಯಾಯಿತಂತೆ ಎಂದು ನಿನಗೆ ಹೇಳಿದವನೂ ನಾನೇ. ಆಮೇಲೆ ನೀನು ಎಷ್ಟು ಏಜೆಂಟರ ಬಾಗಿಲು ತಟ್ಟಿದೆ! ನಿನ್ನ ಹೆಸರು ಕೆಟ್ಟಿದೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಯಾಕೆ ಯಾರೂ ಕರೆಸಿಕೊಳ್ಳುವುದಿಲ್ಲ ಎಂದು ನನ್ನನ್ನೇ ಕೇಳಿದೆ. ಓದುಬರಹ ಇಲ್ಲದ ಹೆಬ್ಬೆಟ್ಟನ್ನು ಯಾರು ಕರೆಸುತ್ತಾರೆ ಎಂದು ನಾನು ರೇಗಿದೆ. ನೀನು ತಲೆ ತಗ್ಗಿಸಿಕೊಂಡು ಹೋದೆ. ಮತ್ತೆ ಕುರಿಯ ಹಿಂದೆ ಬಿದ್ದೆ. ಆದರೂ ಮಾವಿನ ಕಾಲದಲ್ಲಿ ಬಸ್ಸಿನಲ್ಲಿ ಹಣ್ಣಿನ ಚೀಲ ಹೊತ್ತು ನಮ್ಮ ಮನೆಗೆ ಬರುವುದನ್ನು ನೀನು ಬಿಡಲಿಲ್ಲ. ನೀನು ಬೆನ್ನು ತಿರುಗಿಸಿದ ಕೂಡಲೇ ನಾನು ಆ ಹಣ್ಣನ್ನು ದನಕ್ಕೆ ಸುರಿಯುತ್ತಿದ್ದೆ. ನನ್ನ ಹೆಂಡತಿಗೆ ಕಾರಣ ತಿಳಿಯದು. ಹಣ್ಣಿನ ಮೇಲೇನು ಹಗೆ ಎಂದು ಬೈಯುತ್ತಾಳೆ.

ಈಗ ನಮ್ಮೂರ ಹುಡುಗರು ನನಗೆ ಸನ್ಮಾನ ಇಟ್ಟುಕೊಂಡಿದ್ದಾರೆ — ಯುದ್ಧಭೂಮಿಯಲ್ಲಿ ಬಾಯಾರಿದವರಿಗೆ ನೀರು ಕೊಟ್ಟವನೆಂದು. ನಾನು ಬೇಡವೆನ್ನಲಿಲ್ಲ, ಶಾಲಿಗೆ ಆಸೆಪಟ್ಟೆ. ಮೊನ್ನೆ ನೀನು ಬಂದು ಅವರ ಹತ್ತಿರ ಮೈಕು ಕೇಳಿದೆಯಂತೆ. “ನಾನೂ ಎಲ್ಡು ಮಾತಾಡ್ತೀನಿ, ನನ್ ಜೀವ ಉಳಿಸ್ದೋನು ಅವ್ನು,” ಎಂದೆಯಂತೆ. ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಈ ಕಾಗದವನ್ನು ನಿನ್ನ ಕೈಗೆ ಕೊಟ್ಟು ಪ್ರಯೋಜನವಿಲ್ಲ, ನಿನಗೆ ಓದಲು ಬರುವುದಿಲ್ಲ. ಕ್ಯಾನು ಹಿಡಿದು ಓಡಿದ ಆ ಹೆಂಗಸಿಗೆ ಮುಟ್ಟಿಸಲು ದಾರಿಯೇ ಇಲ್ಲ. ಆದ್ದರಿಂದ ಶಾಲು ಹೊದಿಸುವ ಮೊದಲು, ಎಲ್ಲರೆದುರು, ಒಂದು ಮಾತೂ ಬಿಡದೆ ನಾನೇ ಓದುತ್ತೇನೆ — ಈ ಸಲ ನಿನಗೆ ತಿಳಿಯುವ ಭಾಷೆಯಲ್ಲಿ. ಆಮೇಲೆ ಮೈಕು ನಿನ್ನ ಕೈಗೆ ಕೊಡುತ್ತೇನೆ. ಏನು ಹೇಳಬೇಕೋ ಹೇಳು. ನಿನ್ನ ಬಾಯಾಗಿ ಮಾತಾಡಲು ಅಲ್ಲಿ ನಾನು ಬೇಕಾಗಿಲ್ಲ.