ಅಂಗೈ ಎತ್ತಿದರೆ ಏಳುವ ಸದ್ದು

ನಲವತ್ತೊಂದನೆಯ ವಯಸ್ಸಿಗೆ ಗಿಟಾರು ಹಿಡಿದ ಬೀಗ ರಿಪೇರಿಯವನನ್ನು ಬೀದಿಯವರು ಮೊದಲು ತಲೆ ಕೆಟ್ಟವನೆಂದರು, ಆಮೇಲೆ ಮರೆತರು. ಮರೆತದ್ದೇ ಅವನಿಗೆ ಅನುಕೂಲವಾಯಿತು. ಅಂಗಡಿಯೆಂದರೆ ಬಾಗಿಲಗಲದ ಒಂದು ಗೂಡು. ಗೋಡೆ ತುಂಬ ಇನ್ನೂ ಹಲ್ಲು ಕೊರೆಯದ ಕೀಲಿಗಳು, ಕೊರೆಯುವ ಯಂತ್ರ, ಒಂದು ಸ್ಟೂಲು. ಗಿರಾಕಿ ಇಲ್ಲದಾಗ ಆ ಸ್ಟೂಲಿನ ಮೇಲೆ ಕೂತು ಟ್ಯಾಪಿಂಗ್ ಕಲಿಯುತ್ತಿದ್ದ. ಅದರಲ್ಲಿ ತಂತಿ ಮೀಟುವ ಕೆಲಸವೇ ಇಲ್ಲ. ಎರಡೂ ಕೈಯ ಬೆರಳುಗಳು ಗಿಟಾರಿನ ಕತ್ತಿನ ಮೇಲೆ ಇಳಿಯುತ್ತವೆ. ಬಲಗೈ ಬೆರಳು ತಂತಿಯನ್ನು ಕುಟ್ಟಿ, ಏಳುವಾಗ ಓರೆಯಾಗಿ ಚಿಮ್ಮಿಸಿದರೆ, ಎಡಗೈ ಬೆರಳು ಒತ್ತಿಟ್ಟ ಸ್ವರ ನುಡಿಯುತ್ತದೆ. ಕೀಲಿಯಿಲ್ಲದ ಬೀಗವನ್ನು ಕಡ್ಡಿಯಿಂದ ತೆರೆಯುವಾಗ ಒಳಗಿನ ಪಿನ್ನುಗಳು ಏಳುವುದನ್ನು ಬೆರಳಲ್ಲೇ ಕೇಳಿಸಿಕೊಳ್ಳುತ್ತಿದ್ದವನಿಗೆ ಇದು ತನ್ನದೇ ವಿದ್ಯೆ ಅನ್ನಿಸಿತು.

ಆಸೆ ಒಂದೇ: ಬಾಮೈದನ ವಾದ್ಯತಂಡದಲ್ಲಿ ಒಂದು ಜಾಗ. ತಮ್ಮನ ಮಾತು ಬಂದಾಗ ಹೆಂಡತಿಯ ಮುಖದಲ್ಲಿ ಒಂದು ಬೆಳಕು ಏಳುತ್ತಿತ್ತು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಆ ಬೆಳಕು ತನ್ನ ಕಡೆ ತಿರುಗಿದ್ದು ಅವನಿಗೆ ನೆನಪಿರಲಿಲ್ಲ.

ಪಕ್ಕದ ಕನ್ನಡಕದ ಅಂಗಡಿಯವಳಿಗೆ ಸದ್ದಾದರೆ ತಲೆನೋವು. ಅದಕ್ಕೇ ಅವನು ಗಿಟಾರಿಗೆ ಆಂಪ್ಲಿಫೈಯರಿನ ವೈರು ಚುಚ್ಚಲೇ ಇಲ್ಲ. ವೈರಿಲ್ಲದ ಎಲೆಕ್ಟ್ರಿಕ್ ಗಿಟಾರು ಸೊಳ್ಳೆಯಷ್ಟೇ ಗುಂಯ್‌ಗುಡುತ್ತದೆ. ಆ ಸದ್ದು ಕಿವಿಗೆ ಬೀಳಲೆಂದು ಎರಡು ವರ್ಷ ಬಲ ಹಾಕಿ ಕುಟ್ಟಿದ. ಕುಟ್ಟದ ತಂತಿಗಳೂ ಜೊತೆಗೆ ನಡುಗುತ್ತಿದ್ದವು, ಅದು ಅವನಿಗೆ ಕೇಳಿಸುತ್ತಿರಲಿಲ್ಲ.

ಕೀಲಿ ಮಾಡಿಸಲು ಬಂದ ಬಾಮೈದನಿಗೆ ಮಾತ್ರ ಒಂದೇ ನೋಟಕ್ಕೆ ಗೊತ್ತಾಯಿತು. ಗೊತ್ತಾದದ್ದನ್ನು ಅವನು ಹೇಳಲಿಲ್ಲ.

“ಏನ್ ಭಾವ, ಬೆಂಕಿ ಹಚ್ಚಿಬಿಟ್ರಲ್ಲ! ಶನಿವಾರ ಬಿಸ್ಕತ್ ಫ್ಯಾಕ್ಟರೀಲಿ ಪ್ರೋಗ್ರಾಂ ಇದೆ. ನೀವೂ ಸ್ಟೇಜ್ ಹತ್ತಬೇಕು.”

“ಮೊದಲು ಒಂದ್ಸಲ ವೈರ್ ಹಾಕಿ ನೋಡೋದು ಬೇಡ್ವೇನೋ?”

“ಯಾಕೆ, ನನ್ನ ಕಿವಿ ಮೇಲೆ ನಂಬಿಕೆ ಇಲ್ವಾ?”

ಶನಿವಾರ ಮಧ್ಯಾಹ್ನ ಫ್ಯಾಕ್ಟರಿಯ ಅಂಗಳದಲ್ಲಿ ಮುನ್ನೂರು ಜನ. ಅವನು ಕುಟ್ಟಿದ. ಆರೂ ತಂತಿ ಒಟ್ಟಿಗೆ ಒದರಿದವು. ತಗಡು ಹೊತ್ತ ಲಾರಿ ಗುಂಡಿಗೆ ಬಿದ್ದಂತೆ. ಅವನು ಗಾಬರಿಯಾಗಿ ಇನ್ನೂ ಬಲವಾಗಿ ಕುಟ್ಟಿದ. ಜನ ಬೆಂಚಿನಿಂದ ಜಾರುವಷ್ಟು ನಕ್ಕರು. ಮುಂದಿನ ಸಾಲಿನಲ್ಲಿ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಳುತ್ತಿದ್ದಾಳೆ ಎಂದುಕೊಂಡ. ಅವಳೂ ನಗುತ್ತಿದ್ದಳು.

ಬಾಮೈದ ಅದನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದ. ಗಿರಾಕಿಗಳು ಕೀಲಿ ಕೊಡುತ್ತ ಕೌಂಟರಿನ ಮೇಲೆ ಬೆರಳು ಕುಟ್ಟಿ ತೋರಿಸಿದರು.

ಬೇರೆ ಯಾರಾದರೂ ಆಗಿದ್ದರೆ ಗಿಟಾರನ್ನು ಅಟ್ಟಕ್ಕೆಸೆಯುತ್ತಿದ್ದರು. ಇವನು ಹಳೆಯ ಆಂಪ್ಲಿಫೈಯರ್ ಒಂದನ್ನು ತಂದು, ಅತಿ ಸಣ್ಣ ಸದ್ದಿಗಿಟ್ಟು, ಮೊದಲ ಪಾಠದಿಂದ ಶುರುಮಾಡಿದ. ಬೆರಳು ತಪ್ಪಿರಲಿಲ್ಲ, ಅಂಗೈ ತಪ್ಪಿತ್ತು. ಬಲ ಅಂಗೈಯ ಅಂಚು ದಪ್ಪ ತಂತಿಗಳ ಮೇಲೆ, ಅವು ನಡುಗದಂತೆ, ಮಲಗಿದ ಮಗುವಿನ ಎದೆಯ ಮೇಲಿಟ್ಟಷ್ಟು ಹಗುರವಾಗಿ ಕೂರಬೇಕು. ಎಡ ತೋರುಬೆರಳ ತುದಿ ಪಕ್ಕದ ತಂತಿಯ ಬಾಯಿ ಮುಚ್ಚಬೇಕು. ನಿಮಿಷಕ್ಕೆ ನಲವತ್ತು ಪೆಟ್ಟು, ಒಂದು ತಿಂಗಳು. ಆಮೇಲೆ ನಲವತ್ತೈದು. ವರ್ಷ ಕಳೆಯುವ ಹೊತ್ತಿಗೆ ಸ್ವರಗಳು ನಲ್ಲಿಯ ಹನಿಗಳಂತೆ ಒಂದೊಂದಾಗಿ ಬಿದ್ದವು, ನಡುವೆ ಬರೀ ಮೌನ. ಕನ್ನಡಕದ ಅಂಗಡಿಯವಳು ಒಂದು ದಿನವೂ ಗೋಡೆ ಬಡಿಯಲಿಲ್ಲ.

ಬಾಮೈದ ಮತ್ತೆ ಬಂದ. “ಭಾವ, ಫ್ಯಾಕ್ಟರಿಯವರು ನಿಮ್ಮನ್ನೇ ಕೇಳ್ತಿದ್ದಾರೆ. ತಂಡದಲ್ಲಿ ಖಾಯಂ ಜಾಗ.”

ಅವನು ನುಡಿಸಿ ತೋರಿಸಿದ. ಬಾಮೈದನ ನಗು ನಿಧಾನಕ್ಕೆ ಇಳಿಯಿತು.

“ನನಗೂ ಇಷ್ಟು ಬರಲ್ಲ ಭಾವ,” ಅಂದ. “ಆದ್ರೆ ಇದನ್ನ ಅಲ್ಲಿ ಮಾಡ್ಬೇಡಿ. ಹೋದ ವರ್ಷದ ಥರಾನೇ ಬಾರಿಸಿ. ಜನ ಬರೋದು ಅದಕ್ಕೆ.”

ಅವನು ಹೂಂ ಅಂದ. ಮನಸ್ಸಿನಲ್ಲೂ ಹೂಂ ಅಂದುಕೊಂಡಿದ್ದ. ಆದರೆ ವೇದಿಕೆಯ ಮೇಲೆ ಅಂಗೈ ತಾನಾಗಿ ತಂತಿಗಳ ಮೇಲೆ ಕೂತುಬಿಟ್ಟಿತು, ಎತ್ತಲಾಗಲಿಲ್ಲ. ಬಾಮೈದ ಹಿಂದಿನಿಂದ ಬಂದು ಆಂಪ್ಲಿಫೈಯರ್ ಸದ್ದನ್ನು ಪೂರ್ತಿ ಏರಿಸಿದ. ಆಗಲೂ ಬೇಡದ ಒಂದು ಸದ್ದೂ ಏಳಲಿಲ್ಲ. ಜನ ನಗಲು ಬಾಯಿ ತೆರೆದು ಕಾದರು. ಎರಡು ನಿಮಿಷ ಕಾದರು. ಆಮೇಲೆ ಅವರವರಲ್ಲೇ ಮಾತಿಗಿಳಿದರು. “ಏ ಬೀಗ, ಆ ಹಳೇದು ಬಾರ್ಸೋ!” ಎಂದೊಬ್ಬ ಕೂಗಿದ. ಹೆಂಡತಿ ಪಕ್ಕದವಳ ಬಳೆ ನೋಡುತ್ತಿದ್ದಳು.

ದಾರಿಯಲ್ಲಿ ಅವಳೆಂದಳು, “ಹೋದ ಸಲಾನೇ ಚೆನ್ನಾಗಿತ್ತು ಕಣ್ರೀ. ಈ ಸಲ ಏನೋ, ಎಲ್ಲರ ಥರಾನೇ ಇತ್ತು.”

ಜಾಗ ಹೋಯಿತು. ಅವನ ಪಾತ್ರ ಹೋಗಲಿಲ್ಲ. ಮುಂದಿನ ಪ್ರೋಗ್ರಾಮಿಗೆ ಡ್ರಮ್ ಬಾರಿಸುವವನು ಸೊಂಟಕ್ಕೆ ಕೀಲಿಗೊಂಚಲು ಕಟ್ಟಿಕೊಂಡು ‘ಬೀಗದ ಭಾವ’ ಆಗುವುದೆಂದು ತೀರ್ಮಾನವಾಯಿತು. ಸೋಮವಾರ ಬೆಳಿಗ್ಗೆ ಆ ಡ್ರಮ್ಮಿನವನು ಗಿಟಾರು ಹಿಡಿದು ಅಂಗಡಿಗೇ ಬಂದ. ಒಳ್ಳೆಯ ಮನುಷ್ಯ, ಸಂಕೋಚದಿಂದ ಮೆಟ್ಟಿಲ ಮೇಲೇ ನಿಂತ.

“ತಪ್ಪು ತಿಳೀಬೇಡಿ. ಎಷ್ಟು ಕುಟ್ಟಿದ್ರೂ ಆ ಲಾರಿ ಬಿದ್ದಂಗೆ ಸದ್ದು ಬರ್ತಿಲ್ಲ. ಅಕ್ಕೋರೇ ಹೇಳಿದ್ರು, ಹೋಗಿ ಅವರನ್ನೇ ಕೇಳು ಅಂತ.”

“ಯಾವ ಅಕ್ಕ?”

“ಅಯ್ಯೋ, ನಿಮ್ಮ ಮನೆಯವರು. ನಮಗೆಲ್ಲ ಅಕ್ಕನೇ ಅಲ್ವಾ. ಪ್ರಾಕ್ಟೀಸ್ ನೋಡೋಕೆ ದಿನಾ ಬರ್ತಾರೆ, ನಕ್ಕೂ ನಕ್ಕೂ ಸಾಕಾಗುತ್ತೆ ಅವರಿಗೆ.”

ಅವನು ಯಂತ್ರ ನಿಲ್ಲಿಸಿ, ಕೈಯ ಹಿತ್ತಾಳೆ ಪುಡಿ ಒರೆಸಿಕೊಂಡ. ಸ್ಟೂಲು ಬಿಟ್ಟುಕೊಟ್ಟು ಡ್ರಮ್ಮಿನವನ ಹಿಂದೆ ನಿಂತು, ಅವನ ಬಲ ಮಣಿಕಟ್ಟು ಹಿಡಿದ.

“ಅಂಗೈ ಎತ್ತು,” ಅಂದ. “ಇನ್ನೂ ಎತ್ತು. ತಂತಿಗೆ ಎಲ್ಲೂ ತಾಗ್ಬಾರ್ದು. ಹ್ಞಾಂ, ಈಗ ಕುಟ್ಟು.”