ರೋಮ್ ಮುಗಿಯುವ ತನಕ ಸಕ್ಕರೆ ಇಲ್ಲ

ನನ್ನ ಮದುವೆ ಒಂದು ಸುಗ್ಗಿಯಿಂದ ಮುಂದಿನ ಸುಗ್ಗಿಯವರೆಗೆ ನಿಂತುಹೋದದ್ದು ರೋಮ್ ಪಟ್ಟಣದ ದೆಸೆಯಿಂದ. ಹಂಸಭಾವಿಯ ಹುಡುಗಿಗೂ ರೋಮಿಗೂ ಏನು ಸಂಬಂಧ ಎಂದು ನನ್ನನ್ನು ಕೇಳಬೇಡಿ. ಆ ಸಂಬಂಧ ಹಚ್ಚಿದವರು ನಮ್ಮ ಹಿರಿಯರು.

ದೊಡ್ಡ ಯುದ್ಧ ಆಗತಾನೇ ಮುಗಿದಿತ್ತು. ನನಗೆ ಗೊತ್ತುಮಾಡಬೇಕೆಂದಿದ್ದ ವರ ರಟ್ಟೀಹಳ್ಳಿಯವರು. ಮಿಲಿಟರಿಯಲ್ಲಿ ಲಾರಿ ಓಡಿಸುತ್ತ ಇಟಲಿಯವರೆಗೆ ಹೋಗಿ, ಸೂಟಿ ಸಿಕ್ಕಾಗ ರೋಮ್ ನೋಡಿ ಬಂದಿದ್ದರು. ಹೊಲಮನೆ ಇದ್ದ ಕುಳ, ಲಿಂಗಪೂಜೆ ತಪ್ಪದ ಮನೆತನ. ಅವರು ನನ್ನನ್ನು ನೋಡಿ ಒಪ್ಪಿದರು. ನಾನೂ ಬಾಗಿಲ ಸಂದಿಯಿಂದ ನೋಡಿ ಒಪ್ಪಿದೆ. ನನ್ನನ್ನು ಯಾರೂ ಕೇಳಲಿಲ್ಲ, ಆದರೂ ಒಪ್ಪಿದೆ. ಇನ್ನು ಉಳಿದದ್ದು ಸಕ್ಕರೆಯೊಂದೇ.

ಹೆಣ್ಣು ಕೊಡುವ ಮಾತು ಗಟ್ಟಿಯಾದರೆ ಹಿರಿಯರು ಕೂಡಿ ಕುಳಿತು ಸಕ್ಕರೆ ಬಾಯಿಗೆ ಹಾಕಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಒಮ್ಮೆ ಸಕ್ಕರೆ ನಾಲಗೆಗೆ ತಗುಲಿತೆಂದರೆ ಮಾತಿಗೆ ಹಿಂದೆಮುಂದಿಲ್ಲ, ಅಂದಿನಿಂದಲೇ ಅವನು ಅಳಿಯ. ಅಳಿಯನ ಮುಂದೆ ಮಾವ ಕಾಲು ಚಾಚಿ ಕೂರುವಂತಿಲ್ಲ, ಚೇಷ್ಟೆಯ ಮಾತು ಆಡುವಂತಿಲ್ಲ. ನಮ್ಮಪ್ಪನ ಸಂಕಟ ಇದ್ದದ್ದೇ ಇಲ್ಲಿ. ಸಕ್ಕರೆ ತಿಂದುಬಿಟ್ಟರೆ ರೋಮಿನ ರಾತ್ರಿಯ ಸುದ್ದಿಯನ್ನು ಯಾವ ಮುಖ ಹೊತ್ತು ಕೇಳುವುದು?

"ಸಕ್ಕರಿ ರೇಶನ್ನಿನಾಗೈತಿ. ಸಿಗಲಿ, ನೋಡೂಣಂತ" ಎಂದು ಅಪ್ಪ ಎಲ್ಲರಿಗೂ ಹೇಳುತ್ತ ಬಂದ.

ಪ್ರತಿ ಸಂತೆಗೂ ರಟ್ಟೀಹಳ್ಳಿಯಿಂದ ಅವರು ಚಕ್ಕಡಿ ಹೂಡಿಕೊಂಡು ಹಂಸಭಾವಿಗೆ ಬರುತ್ತಿದ್ದರು. ಜೊತೆಗೆ ಅವರೂರಿನ ಗೆಳೆಯನೊಬ್ಬ ಇರುತ್ತಿದ್ದ, ಊರ ಹೊರಗಿನ ಕೇರಿಯವನು. ಇಬ್ಬರೂ ಕೂಡಿಯೇ ಪಲ್ಟಣಿಗೆ ಸೇರಿ, ಒಂದೇ ಲಾರಿಯನ್ನು ಪಾಳಿಯ ಮೇಲೆ ಓಡಿಸಿದವರು. ಸಂತೆ ಮುಗಿದೊಡನೆ ಅಪ್ಪ ಅವರನ್ನು ಕರೆತಂದು ಪಡಸಾಲೆಯ ಗಾದಿಯ ಮೇಲೆ ಕೂಡಿಸುತ್ತಿದ್ದ. ಗೆಳೆಯ ಅಂಗಳದ ಬೇವಿನ ಗಿಡದ ಬುಡದಲ್ಲಿ ನಿಲ್ಲುತ್ತಿದ್ದ. ಅವನೂ ರೋಮ್ ನೋಡಿದವನೇ, ಆದರೆ ಅವನ ರೋಮ್ ಯಾರಿಗೂ ಬೇಕಿರಲಿಲ್ಲ.

ಮೊದಲು ಇತಿಹಾಸ. ಅದು ನಮ್ಮೂರ ಸಾಲಿ ಮಾಸ್ತರರ ಪಾಲು. ಯಾವ ಓಣಿಯಲ್ಲಿ ಯಾವ ರಾಜನ ಕಮಾನು, ಯಾವ ಗುಡಿಗೆ ಎಷ್ಟು ಕಂಬ ಎಂದು ಕೇಳಿ, ಉತ್ತರ ಬರುವ ಮೊದಲೇ ತಲೆದೂಗುತ್ತಿದ್ದರು. ಆಮೇಲೆ ಊಟ. ಅಲ್ಲಿಯ ಜನ ಶಾವಿಗೆಯನ್ನು ಟೊಮೆಟೊ ಸಾರಿನಲ್ಲಿ ಕಲಸಿ ತಿನ್ನುತ್ತಾರೆಂದು ಕೇಳಿ ಅಡುಗೆಮನೆಯಲ್ಲಿದ್ದ ನಮ್ಮವ್ವನಿಗೆ ಕರುಳು ಚುರ್ ಎಂದಿತು. "ಹಾಲು ಬೆಲ್ಲಕ್ಕೂ ಗತಿ ಇಲ್ಲೇನ ಪಾಪ" ಎಂದಳು. ಮೂರನೆಯದಕ್ಕೆ ಬರುವಾಗ ಅಪ್ಪ ಒಮ್ಮೆ ಕೆಮ್ಮಿ, ಎದ್ದು ಅಡುಗೆಮನೆಯ ಬಾಗಿಲನ್ನು ಮುಂದಕ್ಕೆಳೆದು ಬರುತ್ತಿದ್ದ. ಪುಣ್ಯಕ್ಕೆ ನಮ್ಮ ಮನೆಯ ಬಾಗಿಲಿನಲ್ಲಿ ಒಂದು ದೊಡ್ಡ ಬಿರುಕಿತ್ತು.

"ರಾತ್ರಿ ಆ ಊರು ಹ್ಯಾಂಗಿರ್ತೈತಿ, ಹೇಳಪಾ ತಮ್ಮಾ."

ಅವರು ದೀಪ, ಬಾಜಾ, ಕುಣಿತ ಎಂದು ಶುರುಮಾಡಿದರೆ ಮಾಸ್ತರರು "ಥೂ, ಕೆಟ್ಟ ಮಂದಿ" ಎನ್ನುತ್ತ ಚಾಪೆ ಸಮೇತ ಮುಂದೆ ಸರಿಯುತ್ತಿದ್ದರು. ಚಕ್ಕಡಿ ಓಣಿ ದಾಟಿದ ಮೇಲೆ ನಮ್ಮಪ್ಪನದು ಒಂದೇ ರಾಗ: "ಹುಡುಗ ಭಾಳ ತಿರಿಗ್ಯಾನ. ವಿಚಾರ ಮಾಡಬೇಕು." ಅವರು ನಾಚಿ ಕಡಿಮೆ ಹೇಳಿದ ದಿನ: "ಅಷ್ಟು ದೂರ ಹೋಗಿ ಏನೂ ನೋಡಿಲ್ಲ. ದಡ್ಡ ಇರಬೇಕು. ವಿಚಾರ ಮಾಡಬೇಕು." ವಿಚಾರ ಇವರದು, ವಯಸ್ಸು ಏರುತ್ತಿದ್ದದ್ದು ನನ್ನದು. ಓಣಿಯ ಹೆಂಗಸರು ಆಗಲೇ ನನ್ನನ್ನು ಕಂಡು ಲೊಚಗುಟ್ಟತೊಡಗಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು.

ಹೀಗಿರುತ್ತ ಒಂದು ಸಂತೆಯ ದಿನ ಅವರು ರೋಮಿನ ಗಿಡವೊಂದರ ಸುದ್ದಿ ತೆಗೆದರು.

"ಬೊಡ್ಡಿ ಹೆಂಗೈತ್ರಿ ಅಂದ್ರ, ಮಂದಿ ಕೈಗೆ ಕೈ ಹಿಡದು ನಿಂತರೂ ತೆಕ್ಕಿಗೆ ಸಿಗೂದಿಲ್ಲ. ಆನಿ ತೊಗಲಿನಂಥಾ ತೊಗಟಿ. ಮಠದ ಹಿತ್ತಲದಾಗ ಸಾಲಾಗಿ ಮೂರು ನಿಂತಾವು."

ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ನಮ್ಮ ಚಿಗವ್ವನ ಮನೆ ಸವಣೂರಿನಲ್ಲಿ. ಅಲ್ಲಿಯ ಮಠದ ಹಿತ್ತಲಿನ ಆ ಮೂರು ದೊಡ್ಡಹುಣಸೆ ಗಿಡಗಳ ಸುತ್ತ ನಾನು ಲಂಗ ಎತ್ತಿಕಟ್ಟಿ ಓಡಾಡಿದವಳು.

ಮಾಸ್ತರರು ಉಸಿರು ಬಿಟ್ಟು, "ಅದಕ್ಕ ಅವರು ಮುಂದ ಹೋದ್ರು. ನಮ್ಮ ಕಡೆ ಅಂಥಾದ್ದೊಂದು ಗಿಡ ತೋರಸ್ರಿ ನೋಡೂಣು" ಎಂದರು. ವರ್ಷಕ್ಕೊಮ್ಮೆ ಸವಣೂರಿಗೆ ಹೋಗಿ, ಅದೇ ಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡು ಬರುತ್ತಿದ್ದವರು ಇವರೇ.

ಮುಂದಿನ ಸಂತೆಗೆ ಹಾನಗಲ್ಲಿನ ಗುಡಿಯ ಛತ್ತಿನ ಕಮಲ ರೋಮಿನ ಚರ್ಚಿನೊಳಗೆ ಅರಳಿತು. ಶಿಗ್ಗಾವಿ ಸಂತೆಯ ಮಿರ್ಚಿಯ ವಾಸನೆ ರೋಮಿನ ಓಣಿಯಲ್ಲಿ ಹಾಯಿತು. ಹಿರಿಯರು ಬಾಯಿ ತೆರೆದು ಕೇಳಿದರು. ಅಂಗಳದಲ್ಲಿ ಗೆಳೆಯ ತಲೆ ಬಗ್ಗಿಸಿ ಕಾಲಬೆರಳಿನಿಂದ ನೆಲ ಕೆದರುತ್ತಿದ್ದ. ಅವನ ಹೆಗಲು ನಗೆಯಿಂದ ಕುಲುಕುತ್ತಿತ್ತು. ನನಗೂ ನಗು ಬಂತು, ಹಿಂದೆಯೇ ಹೆದರಿಕೆ. ಪಾಪ, ಅವರು ಕಂಡ ರೋಮ್ ಎಂದೋ ತೀರಿಹೋಗಿತ್ತು. ನನಗಾಗಿ ಸುಳ್ಳು ಹೆಣೆಯುತ್ತಿದ್ದರು. ಸಿಕ್ಕಿಬಿದ್ದರೆ ಸುಳ್ಳನಿಗೆ ಹೆಣ್ಣಿಲ್ಲ ಎಂದು ಅಪ್ಪ ಎದ್ದುಬಿಡುತ್ತಿದ್ದ.

ನಾನು ನಮ್ಮಜ್ಜಿಯ ಹತ್ತಿರ ಹೋಗಿ ಕೂತೆ. "ಆಯಿ, ರೋಮ್ ಖಾಲಿ ಆಗೇತಿ. ಸವಣೂರು ಮುಗೀತು, ಹಾನಗಲ್ಲ ನಡದೈತಿ. ಇನ್ನ ನಮ್ಮ ಮಗ್ಗಲದ ಹಿರೇಕೆರೂರು ಬಂತಂದ್ರ ಎಲ್ಲಾರೂ ಗುರ್ತು ಹಿಡೀತಾರ."

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. ಎದ್ದು, ಜೋಳದ ಹಗೇವಿನ ಪಕ್ಕದ ಗಡಿಗೆಯಿಂದ ಒಂದು ಗಂಟು ತೆಗೆದಳು. ರೇಶನ್ನಿನ ಸಕ್ಕರೆ, ಅಪ್ಪನ ಕಣ್ಣು ತಪ್ಪಿಸಿ ಕೂಡಿಟ್ಟದ್ದು.

ಮರುಸಂತೆಯ ಸಂಜೆ ಅವರ ಕಥೆ ರೋಮಿನ ಕುಣಿತದ ಮನೆಯೊಳಗೇ ಬಂದಿತ್ತು. "ಬಾಜಾ ಜೋರಾತ್ರಿ. ಆ ಹೆಂಗಸು ನಡುವ ಬಂದು ನಿಂತ್ಳು. ಹಿಂಗ ಒಂದು ಕಾಲು ಎತ್ತಿದ್ಳು..." ಅಜ್ಜಿ ತಾಟು ಹಿಡಿದು ಪಡಸಾಲೆಗೆ ನಡೆದಳು. ಒಬ್ಬೊಬ್ಬರ ಅಂಗೈಗೆ ಒಂದೊಂದು ಚಿಟಿಕೆ ಇಟ್ಟಳು. ಕಣ್ಣು ಆ ಕಾಲಿನ ಮೇಲೆ ನೆಟ್ಟವರು ಕೈಗೆ ಬಂದದ್ದನ್ನು ಹಾಗೆಯೇ ಬಾಯಿಗೆ ಒಗೆದುಕೊಂಡರು.

"ಬಾಯಾಗ ಏನೈತಿ, ಚಪ್ಪರಿಸಿ ನೋಡ್ರಿ" ಎಂದಳು ಅಜ್ಜಿ.

ಅಪ್ಪನ ದವಡೆ ನಿಂತಿತು. "ಸಕ್ಕರಿ" ಎಂದ, ವಿಷ ತಿಂದವನ ದನಿಯಲ್ಲಿ.

"ಹಂಗಾರ ಮಾತು ಮುಗೀತು."

ಅಪ್ಪ ಚಾಚಿದ್ದ ಕಾಲನ್ನು ಎಳೆದುಕೊಂಡ, ರುಮಾಲು ಸರಿಮಾಡಿಕೊಂಡ. ಇಷ್ಟು ದಿನ 'ಹೇಳಪಾ' ಎನ್ನುತ್ತಿದ್ದ ಬಾಯಿಂದ "ಸರಿಯಾಗಿ ಕುಂದರ್ರಿ, ಚಾ ತರಸ್ತೇನಿ" ಎಂಬ ಮಾತು ಹೊರಟಿತು. ಮಾಸ್ತರರಿಗೆ ತಡೆಯಲಾಗಲಿಲ್ಲ. "ಆದ್ರ... ಆ ಕಾಲು?"

"ಮಾಸ್ತರ, ಅಳಿಯಂದ್ರು ಕುಂತಾರ. ಮರ್ಯಾದಿ ಇರ್ಲಿ!" ಎಂದು ಅಪ್ಪ ಗದರಿದ.

ಹೀಗೆ ರೋಮಿನ ಆ ಕಾಲು ನಮ್ಮೂರ ಪಡಸಾಲೆಯಲ್ಲಿ ಎತ್ತಿದ್ದು ಎತ್ತಿದಂತೆಯೇ ಉಳಿಯಿತು. ಮಾಸ್ತರರು ಅದರ ಚಿಂತೆಯಲ್ಲೇ ಸೊರಗಿದರೆಂದು ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದಳು.

ಮದುವೆಯಾಗಿ ಚಕ್ಕಡಿಯಲ್ಲಿ ರಟ್ಟೀಹಳ್ಳಿಗೆ ಹೊರಟಾಗ ನಾನೇ ಕೇಳಿದೆ. "ಈಗರ ಹೇಳ್ರಿ, ಆ ಕಾಲು ಏನಾತು?"

"ನಾ ಒಳಗ ಹೋಗೇ ಇಲ್ಲ. ಬಾಗಲದಾಗ ಗೋರಾ ಪೊಲೀಸ ನಿಂತಿದ್ದ. ಹಿಂದುಸ್ತಾನಿ ಸಿಪಾಯಿಗಳಿಗೆ ಒಳಗ ಬಿಡೂದಿಲ್ಲ ಅಂದ. ಎದುರಿನ ಮೆಟ್ಟಲ ಮ್ಯಾಲ ಇಬ್ರೂ ಕುಂತು ಬಾಜಾ ಕೇಳಿದ್ವಿ, ಒಂದ ಬ್ರೆಡ್ಡು ಮುರಕೊಂಡು ತಿಂದ್ವಿ."

ನನ್ನ ಮೈ ಉರಿಯಿತು. ಜೀವ ಒತ್ತೆಯಿಟ್ಟು ಲಾರಿ ಓಡಿಸಲು ಇವರು ಬೇಕು, ಹೊಸ್ತಿಲು ದಾಟಲು ಬೇಡ! ಆ ಬಿಳಿಯರಿಗೆ ಬಾಯಿಗೆ ಬಂದಂತೆ ಬೈದೆ.

"ನನಗೂ ಹಂಗ ಸಿಟ್ಟು ಬಂದಿತ್ತು. ಆ ಪೊಲೀಸನ ಮ್ಯಾಲ ಏರಿ ಹೋಗಾಂವಿದ್ದೆ. ಇಂವ ಕೈ ಹಿಡದು ಕುಂದ್ರಿಸಿದ" ಎಂದು ಅವರು ಮುಂದೆ ನೋಡಿದರು. ಎತ್ತುಗಳ ಪಕ್ಕದಲ್ಲಿ ಗೆಳೆಯ ನಡೆದು ಬರುತ್ತಿದ್ದ. "ಏನಂದ ಗೊತ್ತೇನು? 'ಕುಂದರ್ರಿ ಗೌಡ್ರ, ಸಿಟ್ಟಾಗಬ್ಯಾಡ್ರಿ. ಹೊರಗ ನಿಂತರೂ ಚಲೋ ಕೇಳಸ್ತೈತಿ' ಅಂದ."

ಚಕ್ಕಡಿಯಲ್ಲಿ ನಮ್ಮ ಮಗ್ಗುಲಿಗೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ರಟ್ಟೀಹಳ್ಳಿ ಮುಟ್ಟುವ ತನಕ ಅವನು ನಡೆದೇ ಬಂದ.