ಮಿಲ್ ತಾತನ ರೋಲು

ಆಗೆಲ್ಲ ಪಟ ತೆಗೆದ ಕೂಡಲೇ ನೋಡುವ ಭಾಗ್ಯ ಯಾರಿಗೂ ಇರಲಿಲ್ಲ. ಒಂದು ರೋಲ್ ಎಂದರೆ ಮೂವತ್ತಾರು ಪಟ. ಅಷ್ಟೂ ತೀರುವ ತನಕ ಕ್ಯಾಮೆರಾದ ಬೆನ್ನು ತೆರೆಯುವ ಹಾಗಿಲ್ಲ. ತೆರೆದರೆ ಒಳಗಿದ್ದ ಮದುಮಗಳು, ತೊಟ್ಟಿಲ ಕೂಸು, ಹೆಣ ಎಲ್ಲವೂ ಒಟ್ಟಿಗೆ ಬೆಳಕಿಗೆ ಬಿದ್ದು ಅಳಿಸಿಹೋಗುತ್ತಿದ್ದವು. ನಲವತ್ತು ದಾಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ಮಗನಿಗೆ ಹೇಳಿದರೆ ಕಥೆ ಕಟ್ಟುತ್ತಿದ್ದೇನೆ ಎನ್ನುತ್ತಾನೆ, ಅದೂ ತಮಿಳಿನಲ್ಲಿ.

ನಾವಿದ್ದದ್ದು ಪೆನ್ನಾಗರಂನಲ್ಲಿ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅಪ್ಪನ ಫೋಟೋ ಸ್ಟುಡಿಯೋ, ಅದಕ್ಕೆ ಅಂಟಿಕೊಂಡಂತೆ ಮನೆ. ಬೀದಿಯಲ್ಲಿ ತಮಿಳು, ಹೊಸ್ತಿಲು ದಾಟಿದರೆ ಕನ್ನಡ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ನಾನು, ಮತ್ತೆ ಅಪ್ಪನ ತಂಗಿ ಸರಸತ್ತೆ.

ಅಪ್ಪನ ಹೊಟ್ಟೆಪಾಡು ನಡೆಯುತ್ತಿದ್ದದ್ದು ಮದುವೆಯಿಂದ ಮತ್ತು ಸಾವಿನಿಂದ. ನಮ್ಮ ಕಡೆ ಯಾರಾದರೂ ಹೋದರೆ ಅವರನ್ನು ಮೀಯಿಸಿ, ವಿಭೂತಿ ಬಳಿದು, ದವಡೆಗೆ ಬಟ್ಟೆ ಕಟ್ಟಿ, ಮನೆ ಮುಂದೆ ಕುರ್ಚಿಯಲ್ಲಿ ಕೂರಿಸಿ ಹಾರ ಹಾಕುತ್ತಿದ್ದರು. ಬದುಕಿದ್ದಾಗ ಒಂದು ಪಟಕ್ಕೂ ಕೂರದವರು ಅವತ್ತು ಕೂರುತ್ತಿದ್ದರು. ಆ ಪಟಕ್ಕೆ ಚೌಕಟ್ಟು ಹಾಕಿ ಕಾರ್ಯದ ದಿನ ಗೋಡೆಗೆ ಏರಿಸಬೇಕು. ಹೆಣದ ಪಟ ಎಂದು ಯಾರಿಗೂ ಅನಿಸಬಾರದು. ಅದಕ್ಕೇ ಸರಸತ್ತೆ ಕೂದಲಿನಷ್ಟು ಸಣ್ಣ ಕುಂಚ ಹಿಡಿದು, ಪ್ರಿಂಟಿನ ಮೇಲೆ ಮುಚ್ಚಿದ ರೆಪ್ಪೆಗಳಿಗೆ ಕಣ್ಣು ಬರೆಯುತ್ತಿದ್ದಳು. ನೋಡಿದವರು, ಅಯ್ಯೋ ನಮ್ಮಪ್ಪ ನಮ್ಮನ್ನೇ ನೋಡ್ತಾ ಕೂತವ್ರೆ ಎಂದು ಅತ್ತರೆ ಅವಳ ಕೆಲಸ ಗೆದ್ದಂತೆ.

ಆದರೆ ಸಾವಿನ ಮನೆಯಲ್ಲಿ ಖರ್ಚಾಗುತ್ತಿದ್ದದ್ದು ಮೂರೋ ನಾಲ್ಕೋ ಪಟ. ಉಳಿದದ್ದು ತೀರದೆ ರೋಲನ್ನು ಧರ್ಮಪುರಿಯ ಲ್ಯಾಬಿಗೆ ಕೊಡುವಂತಿಲ್ಲ, ಕಾರ್ಯದ ದಿನ ಕಾಯುವುದಿಲ್ಲ, ಹಾಳುಮಾಡಲು ಅಪ್ಪನಿಗೆ ಮನಸ್ಸು ಬಾರದು. ಹಾಗಂತ ಅದೇ ರೋಲಿನ ಬಾಲಕ್ಕೆ ಮದುವೆಯನ್ನೋ ಕೂಸನ್ನೋ ಸೇರಿಸುವುದು ಅಪಶಕುನ. ಸಾವಿನ ರೋಲಿಗೆ ಬದುಕಿರುವ ಮನುಷ್ಯರು ಬೇಡ ಎಂಬುದು ಅಪ್ಪ ತಾನೇ ಮಾಡಿಕೊಂಡ ಕಟ್ಟಳೆ. ಮರಕ್ಕೆ, ಹೂವಿಗೆ, ಹಕ್ಕಿಗೆ ದೋಷವಿಲ್ಲ. ಹಾಗಾಗಿ ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ಅಪ್ಪ ಕ್ಯಾಮೆರಾ ಹೆಗಲಿಗೆ ಹಾಕಿ, ರೋಲ್ ತೀರಿಸಿಕೊಂಡು ಬರೋಣ ಬಾ ಪಾಪ ಎಂದು ನನ್ನನ್ನು ಕರೆಯುತ್ತಿದ್ದ. ಬೀದಿಯ ತುದಿಯಲ್ಲಿ ತಮಟೆ ಸದ್ದು ಕೇಳಿದರೆ ಬೇರೆ ಮಕ್ಕಳು ಅಮ್ಮನ ಸೆರಗು ಹುಡುಕುತ್ತಿದ್ದರು, ನಾನು ಚಪ್ಪಲಿ ಹುಡುಕುತ್ತಿದ್ದೆ.

ತಮಿಳಿನವರ ಮಾಸಿ, ಪಂಗುಣಿ ತಿಂಗಳು, ಅಂದರೆ ಶಿವರಾತ್ರಿ ಯುಗಾದಿಯ ಹೊತ್ತು, ಬಂತೆಂದರೆ ಸಾವೂ ಜಾಸ್ತಿ, ಹೂವೂ ಜಾಸ್ತಿ. ಚಳಿಯನ್ನು ಹೇಗೋ ತಳ್ಳಿದ ಮುದುಕರು ಬಿಸಿಲು ಏರುತ್ತಲೇ ಸೋಲುತ್ತಿದ್ದರು. ಊರಾಚೆ ಒಣಗಿದ ಕೆರೆಯ ಏರಿಯ ಮೇಲೆ ಮುತ್ತುಗ ಒಂದೂ ಎಲೆಯಿಲ್ಲದೆ ಕೆಂಪಗೆ ನಿಂತಿರುತ್ತಿತ್ತು. ಹೊಂಗೆಯ ಕೆಳಗೆ ಯಾರೋ ಪುರಿ ಚೆಲ್ಲಿದಂತೆ ಹೂವು. ಬೇವಿನ ಹೂವಿನ ಕಹಿ ಪರಿಮಳ ಮೂಗಿಗಲ್ಲ, ಗಂಟಲಿಗೇ ಬಡಿಯುತ್ತಿತ್ತು; ಹೆಂಗಸರು ಮರದಡಿ ಹಳೆ ಸೀರೆ ಹಾಸಿ ಅದನ್ನು ಉದುರಿಸಿಕೊಂಡು ಒಣಗಿಸುತ್ತಿದ್ದರು. ನಾನು ಹುಣಸೆ ಚಿಗುರು ಕಿತ್ತು ತಿನ್ನುತ್ತ ಹಿಂದೆ ನಡೆಯುತ್ತಿದ್ದೆ. ಫಿಲಂ ರೋಲಿನ ಖಾಲಿ ಕಪ್ಪು ಡಬ್ಬಿಯಲ್ಲಿ ಅತ್ತೆ ಉಪ್ಪು ಖಾರ ತುಂಬಿಕೊಡುತ್ತಿದ್ದಳು, ಮಾವಿನ ಹೀಚು ಸಿಕ್ಕರೆ ಅದ್ದಿಕೊಂಡು ತಿನ್ನಲು. ಆ ಖಾರಕ್ಕೆ ಫಿಲಮ್ಮಿನದೊಂದು ವಾಸನೆ ಇರುತ್ತಿತ್ತು. ಇವತ್ತಿಗೂ ಮಾವಿನಕಾಯಿ ಕಚ್ಚಿದರೆ ಅದೊಂದು ಕಡಿಮೆಯಾಯಿತು ಅನಿಸುತ್ತದೆ.

ದಾರಿಯಲ್ಲಿ ಆಡು ಮೇಯಿಸುವವರು, ಏನು ಪೋಟೋಕಾರ್ರೇ, ಮರಕ್ಕೂ ಮದುವೆಯಾ ಎಂದು ಛೇಡಿಸುತ್ತಿದ್ದರು. ಮರ ಆದರೆ ಕಣ್ಣು ಮಿಟುಕಿಸಲ್ಲ ಎಂದು ಅಪ್ಪ ನಗುತ್ತಿದ್ದ. ಆ ಮಾತಿನ ಹಿಂದೆ ಸರಸತ್ತೆ ಇದ್ದಳು. ಸತ್ತವರ ಕಣ್ಣು ತೆರೆಸುವ ಅತ್ತೆ, ಸ್ಟುಡಿಯೋದ ದೀಪ ಹೊತ್ತಿದರೆ ಸಾಕು, ತನ್ನ ಕಣ್ಣು ಬಿಗಿಯಾಗಿ ಮುಚ್ಚಿಬಿಡುತ್ತಿದ್ದಳು. ಮುಚ್ಚದಿದ್ದರೆ ತುಟಿ ಬಿಗಿದು, ಯಾರೋ ಬೈದಂತೆ ಕೂರುತ್ತಿದ್ದಳು. ಬಂದ ಸಂಬಂಧಗಳೆಲ್ಲ ಪಟ ನೋಡಿಯೇ ಹಿಂದೆ ಸರಿದಿದ್ದವು. ಮನೆಯಲ್ಲಿ ಅವಳಷ್ಟು ನಗುವವರು ಇರಲಿಲ್ಲ, ಆ ನಗು ಒಂದು ಪಟದಲ್ಲೂ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಅಜ್ಜಿ ಅಪ್ಪನನ್ನು ಚುಚ್ಚುತ್ತಿದ್ದಳು. ಅತ್ತೆಗೆ ವಯಸ್ಸು ಮೀರುತ್ತಿತ್ತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ ಮಾಸಿ ತಿಂಗಳ ಕೊನೆಗೆ ರೈಸ್ ಮಿಲ್ಲಿನ ತಾತ ತೀರಿಕೊಂಡರು. ಮಿಲ್ಲಿನ ಬಾಗಿಲಲ್ಲಿ ಕೂತು ಶಾಲೆಗೆ ಹೋಗುವ ಮಕ್ಕಳ ಕೈಗೆ ಪುರಿ ಹಾಕುತ್ತಿದ್ದ ತಾತ. ಅಪ್ಪ ಹೊಸ ರೋಲ್ ಹಾಕಿಕೊಂಡು ಹೋಗಿ, ಹಾರ ಹಾಕಿ ಕೂರಿಸಿದ್ದ ತಾತನ ಪಟ ಹಿಡಿದು ಬಂದ. ಮಾರನೆಯ ಬೆಳಿಗ್ಗೆ ನಾವು ರೋಲ್ ತೀರಿಸಲು ಹೊರಟಿದ್ದೆವು. ಅಷ್ಟರಲ್ಲಿ ಸಂಬಂಧ ಹೇಳುವ ಮುನಿಯಪ್ಪ ಮಾವ ಬಂದ. ಹುಡುಗ ಶಂಕಗಿರಿಯಲ್ಲಿ ಲಾರಿ ಆಫೀಸಿನ ಗುಮಾಸ್ತ, ಒಳ್ಳೆಯವನು, ಮನೆಯಲ್ಲಿ ಕನ್ನಡ ಮಾತು. ಯುಗಾದಿಯೊಳಗೆ ಮಾತು ಮುಗಿಸಬೇಕಂತೆ, ಪಟ ಕೂಡಲೇ ಬೇಕಂತೆ. ಇದು ತಪ್ಪಿದರೆ ಇನ್ನು ಎರಡನೇ ಸಂಬಂಧದವರೇ ಬರುವುದು ಎಂದೂ ಹೇಳಿ ಹೋದ.

ಅಪ್ಪ ಹೆಗಲಲ್ಲಿದ್ದ ಕ್ಯಾಮೆರಾ ನೋಡಿದ; ಇನ್ನೊಂದು ರೋಲ್ ಹಾಕಬೇಕೆಂದರೆ ಇದು ತೀರಬೇಕು, ಆಮೇಲೆ ಅದೂ ತೀರಬೇಕು. ಆಮೇಲೆ, ಸ್ಟುಡಿಯೋ ಬೇಡ, ನೀನು ಆ ಹಸಿರು ಸೀರೆ ಉಟ್ಟುಕೊಂಡು ನಮ್ಮ ಜೊತೆ ಬಾ ಎಂದು ಅತ್ತೆಗೆ ಹೇಳಿದ.

ಹೊಗೇನಕಲ್ ರಸ್ತೆಯ ತಿರುವಿನಲ್ಲಿ ಒಂದು ಹಾಲವಾಣದ ಮರವಿತ್ತು. ತಮಿಳಿನವರು ಕಲ್ಯಾಣ ಮುರುಂಗೆ ಎನ್ನುತ್ತಾರೆ. ಮದುವೆ ಚಪ್ಪರಕ್ಕೆ ಅದರ ಕೊಂಬೆ ನೆಡುವುದು ವಾಡಿಕೆ. ಎಲೆ ಉದುರಿದ ಮೈಮೇಲೆಲ್ಲ ಕೆಂಪು ಹೂವು, ಹೂವಿಗೆ ಮುತ್ತಿದ ಗೊರವಂಕಗಳ ಜಗಳ. ಅತ್ತೆ ಅದರಡಿ ನಿಂತವಳು ಕ್ಯಾಮೆರಾ ನೋಡಿ ಹಿಂಜರಿದಳು.

"ಅಣ್ಣಾ, ಇದು ಮಿಲ್ ತಾತನ ರೋಲಲ್ವಾ?"

"ಔದು. ಇರ್ಲಿ ಬಿಡು. ತಾತ ಒಳ್ಳೇವ್ರು, ನಿಂಗೇನ್ ಕೆಟ್ದು ಮಾಡ್ತಾರಾ."

ಅತ್ತೆ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮೇಲೆ ಕಿತ್ತಾಡುತ್ತಿದ್ದ ಗೊರವಂಕಗಳು ಒಂದು ಹೂಗೊಂಚಲನ್ನು ಕೆಡವಿದವು. ಅದು ಅವಳ ಹಣೆಗೆ ಬಡಿದು ಭುಜದ ಮೇಲೆ ಕೂತಿತು. ಅವಳು ತಲೆಯೆತ್ತಿ ನಕ್ಕಳು. ಅಪ್ಪ ಒತ್ತಿದ. ಒಂದೇ ಒಂದು. ಸಾಕು ಈ ಕಡೆ ಬಾ ಎಂದ. ಅವಳು ಪಕ್ಕಕ್ಕೆ ಸರಿದು ನನ್ನ ಕೈ ಹಿಡಿದುಕೊಂಡಳು, ಅಪ್ಪ ಎಂದಿನಂತೆ ಮರದ ಪಟ ತೆಗೆದ. ಅಲ್ಲಿಂದ ಮುತ್ತುಗ, ಹೊಂಗೆ, ಒಣಗಿದ ಕೆರೆ. ದಾರಿಯುದ್ದಕ್ಕೂ ಅತ್ತೆ ಆ ಗೊಂಚಲನ್ನು ಕೈಯಲ್ಲೇ ಹಿಡಿದಿದ್ದಳು. ಅವಳ ಅಂಗೈ ಬೆವೆತಿತ್ತು, ನನಗೆ ನೆನಪಿದೆ.

ಧರ್ಮಪುರಿಯಿಂದ ಪಟಗಳು ಬಂದ ದಿನ ಮನೆಯೆಲ್ಲ ಒಂದೇ ಪಟಕ್ಕೆ ಮುಗಿಬಿತ್ತು. ಅಪ್ಪ ತನ್ನ ಜನ್ಮದಲ್ಲಿ ಅಷ್ಟು ಚೆಂದದ ಪಟ ಹಿಡಿದಿರಲಿಲ್ಲ. ಅಜ್ಜಿ ದೃಷ್ಟಿ ತೆಗೆದು ಉಪ್ಪನ್ನು ಒಲೆಗೆ ಹಾಕಿದಳು. ಅದೇ ಸಂಜೆ ಅತ್ತೆ ಕೂತು ಮಿಲ್ ತಾತನಿಗೆ ಕಣ್ಣು ಬರೆದಳು. ಬರೆಯುತ್ತಲೇ, ಆ ನೆಗೆಟಿವ್ ಬೇರೆ ಮಾಡಿಡು ಅಣ್ಣಾ ಎಂದಳು. ಲ್ಯಾಬಿನವರು ನೆಗೆಟಿವನ್ನು ನಾಲ್ಕು ನಾಲ್ಕಾಗಿ ಕತ್ತರಿಸಿ ಕೊಡುತ್ತಿದ್ದರು. ತಾತ, ತಾತ, ತಾತ, ಅದೇ ತುಂಡಿನ ಕೊನೆಗೆ ಅತ್ತೆ. ಒಂಟಿ ನೆಗೆಟಿವ್ ಕಳೆದುಹೋಗುತ್ತೆ, ಇರಲಿ ಎಂದು ಅಪ್ಪ ಮಾತು ತೇಲಿಸಿದ.

ಪಟ ಶಂಕಗಿರಿಗೆ ಹೋಯಿತು, ಒಪ್ಪಿಗೆಯೂ ಆಯಿತು. ಹುಡುಗನ ತಾಯಿಗೆ ಆ ನಗು ಹಿಡಿಸಿತಂತೆ. ಯುಗಾದಿ ಮುಗಿದ ಮೇಲೆ ಬಂದು ವೀಳ್ಯ ಬದಲಿಸುತ್ತೇವೆ ಎಂದರು. ಅತ್ತೆ ಆ ದಿನಗಳಲ್ಲಿ ಒಲೆ ಮುಂದೆ, ಬಾವಿ ಕಟ್ಟೆ ಮೇಲೆ, ಕುಂಚ ತೊಳೆಯುವಾಗ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು.

ಯುಗಾದಿಗೆ ನಾಲ್ಕೈದು ದಿನ ಇರುವಾಗ ಮುನಿಯಪ್ಪ ಮಾವ ಮತ್ತೆ ಬಂದ. ಹುಡುಗನ ಅಣ್ಣನಿಗೆ ಕಳಿಸಲು ಇನ್ನೊಂದು ಪ್ರಿಂಟ್ ಬೇಕಂತೆ, ನೆಗೆಟಿವ್ ಕೊಟ್ಟರೆ ಅಲ್ಲೇ ಹಾಕಿಸಿಕೊಳ್ಳುತ್ತಾರಂತೆ. ಅಪ್ಪ ಮದುವೆಗೆಂದು ಪಾಪಿರೆಡ್ಡಿಪಟ್ಟಿಗೆ ಹೋಗಿದ್ದ. ಅತ್ತೆ ಅಮ್ಮನ ಜೊತೆ ಬಟ್ಟೆ ಒಗೆಯಲು ಹೋಗಿದ್ದಳು. ನಾನು ಶಾಲೆಯಲ್ಲಿದ್ದೆ. ಮನೆಯಲ್ಲಿದ್ದ ಅಜ್ಜಿ, ಸೊಸೆ ಬರುವ ತನಕ ನೆಂಟರನ್ನು ಕಾಯಿಸುವುದುಂಟೇ ಎಂದು, ಕವರಿನಿಂದ ಅತ್ತೆ ಕಾಣುವ ತುಂಡನ್ನು ಹುಡುಕಿ, ಅರಿಸಿನ ಕುಂಕುಮದ ಜೊತೆ ಕಾಗದದಲ್ಲಿ ಸುತ್ತಿ ಕೊಟ್ಟಳು. ಅಜ್ಜಿಯ ಕಣ್ಣು ಮಂಜು. ಅತ್ತೆಯ ಪಕ್ಕದಲ್ಲಿ ಯಾರಿದ್ದಾರೆಂದು ಅವಳು ನೋಡಲಿಲ್ಲ.

ಹುಡುಗನ ತಾಯಿ ನೋಡಿದಳು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳಂತೆ. ಹಾರ ಹಾಕಿಕೊಂಡು ಕೂತ ಮುದುಕ, ಅವನ ಪಕ್ಕದಲ್ಲಿ ನಿಂತ ಹೆಣ್ಣು. ನೆಗೆಟಿವಿನಲ್ಲಿ ಕಪ್ಪೆಲ್ಲ ಬಿಳಿ, ಬಿಳಿಯೆಲ್ಲ ಕಪ್ಪು. ಅತ್ತೆಯ ತುರುಬು ನೆರೆತಂತೆ, ಮುಖ ಸುಟ್ಟಂತೆ, ನಕ್ಕ ಹಲ್ಲು ಕರ್ರಗೆ.

ಯುಗಾದಿಯ ಬೆಳಿಗ್ಗೆ ನಾವು ಎಣ್ಣೆ ಸ್ನಾನ ಮಾಡಿ ಬೇವು ಬೆಲ್ಲದ ತಟ್ಟೆ ಮುಂದೆ ಕೂತಿದ್ದಾಗ ಮುನಿಯಪ್ಪ ಮಾವ ಬಂದು ಹೊಸ್ತಿಲಾಚೆಯೇ ನಿಂತ. ನೆಗೆಟಿವ್ ಸುತ್ತಿದ್ದ, ಅರಿಸಿನ ಅಂಟಿದ ಕಾಗದವನ್ನು ಅಪ್ಪನ ಕೈಗೆ ಕೊಟ್ಟ.

"ಸತ್ತೋರ ಪಕ್ಕ ನಿಂತ ಎಣ್ಣು ನಮ್ಗೆ ಬ್ಯಾಡ ಅಂದ್ಬುಟ್ರು. ನಾ ಎಷ್ಟೋ ಏಳ್ದೆ."

ಅಪ್ಪ ಎದ್ದು ಸ್ಟುಡಿಯೋಗೆ ಹೋದ. ಕತ್ತರಿ ಸದ್ದು ಕೇಳಿಸಿತು. ಅವತ್ತು ಕತ್ತರಿಸಬೇಕಾದದ್ದನ್ನು ಇವತ್ತು ಕತ್ತರಿಸಿದ. ಅಜ್ಜಿ ಎದೆ ಬಡಿದುಕೊಂಡು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಅತ್ತೆ ಅಳಲಿಲ್ಲ. ತಟ್ಟೆಯಿಂದ ಬೇವು ಬೆಲ್ಲ ತೆಗೆದು ನನ್ನ ಕೈಗೆ ಹಾಕಿದಳು, ತಾನೂ ಬಾಯಿಗೆ ಹಾಕಿಕೊಂಡಳು, ಎದ್ದು ಹೋಗಿ ಕುಂಚಗಳನ್ನು ತೊಳೆದಳು. ಆಗಲೇ ತೊಳೆದಿಟ್ಟಿದ್ದ ಕುಂಚಗಳು ಅವು.

ಆಮೇಲೂ ಊರಲ್ಲಿ ತಮಟೆ ಕೇಳಿಸಿತು, ಮುತ್ತುಗ ಅರಳಿತು. ಅಪ್ಪ ನನ್ನನ್ನು ಮತ್ತೆ ಕರೆಯಲಿಲ್ಲ. ಸಾವಿನ ಮನೆಯಿಂದ ಬಂದವನು ಕ್ಯಾಮೆರಾದ ಕಣ್ಣಿಗೆ ಮುಚ್ಚಳ ಹಾಕಿ, ಸ್ಟುಡಿಯೋದ ಸ್ಟೂಲಿನ ಮೇಲೆ ಕೂತು, ಉಳಿದ ಪಟಗಳನ್ನೆಲ್ಲ ಒಂದೊಂದಾಗಿ ಕತ್ತಲೆಗೇ ಒತ್ತಿ ತೀರಿಸುತ್ತಿದ್ದ. ನಾನು ಒಳಗೆ ಲೆಕ್ಕ ಬರೆಯುತ್ತ ಆ ಕಟಕ್ ಸದ್ದು ಕೇಳುತ್ತಿದ್ದೆ. ಮೊದಲು ಆ ಸದ್ದಿಗೊಂದು ಮರ ಇರುತ್ತಿತ್ತು.

ಅತ್ತೆಗೆ ಮದುವೆಯಾಗಲಿಲ್ಲ. ಕಂಪ್ಯೂಟರ್ ಬರುವ ತನಕ ಸತ್ತವರಿಗೆ ಕಣ್ಣು ಬರೆದಳು, ಆಮೇಲೆ ರವಿಕೆ ಹೊಲಿದಳು. ಮನೆಯ ಯಾವ ಶುಭಕಾರ್ಯದಲ್ಲೂ ಕ್ಯಾಮೆರಾ ಕಂಡರೆ ಅಡಿಗೆಮನೆಗೆ ನಡೆಯುತ್ತಿದ್ದಳು. ಶಂಕಗಿರಿಯವರು ಆ ಪ್ರಿಂಟನ್ನು ವಾಪಸ್ ಕೊಡಲಿಲ್ಲ. ಅಪ್ಪ ಕತ್ತರಿಸಿದ ಒಂಟಿ ನೆಗೆಟಿವ್ ಏನಾಯಿತೋ. ಅಜ್ಜಿ ಒಲೆಗೆ ಹಾಕಿದಳೋ, ಅತ್ತೆಯೇ ಹಾಕಿದಳೋ, ಒಂಟಿಯಾಗಿದ್ದದ್ದಕ್ಕೆ ಅದಾಗಿಯೇ ಕಳೆದುಹೋಯಿತೋ, ಗೊತ್ತಿಲ್ಲ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಈ ವರ್ಷ ಸಂಕ್ರಾಂತಿ ಕಳೆದು, ತೈ ತಿಂಗಳಲ್ಲಿ ಅತ್ತೆ ಹೋದಳು. ಬಂದವರೆಲ್ಲ ಫೋನ್ ಎತ್ತಿ ಪಟ ಹಿಡಿದರು. ಅವಳನ್ನು ಎತ್ತುವ ಮೊದಲೇ ಅವು ಊರೂರು ಮುಟ್ಟಿದ್ದವು. ಒಂದನ್ನೂ ತೊಳೆಸಬೇಕಿಲ್ಲ, ಯಾವ ರೋಲನ್ನೂ ತೀರಿಸಬೇಕಿಲ್ಲ. ಗೋಡೆಗೆ ಹಾಕಲು ಮಾತ್ರ ಒಂದು ಪಟ ಇರಲಿಲ್ಲ. ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದೆವು. ಬಿಗಿದ ತುಟಿ, ಬೆದರಿದ ಕಣ್ಣು. ಅದನ್ನು ತಿದ್ದಬಲ್ಲ ಕೈ ಒಂದೇ ಇತ್ತು.

ಪಂಗುಣಿಯಲ್ಲಿ ಮತ್ತೆ ಊರಿಗೆ ಹೋದೆ. ಬೆಳಿಗ್ಗೆ ಫೋನ್ ಹಿಡಿದು ಹಳೆಯ ದಾರಿಯಲ್ಲಿ ಒಬ್ಬಳೇ ತಿರುಗಿದೆ. ಬೇವು ಅಲ್ಲೊಂದು ಇಲ್ಲೊಂದು ಹೂ ಬಿಟ್ಟಿತ್ತು, ಕೆಳಗೆ ಸೀರೆ ಹಾಸುವವರಿಲ್ಲ. ಕೆರೆ ಏರಿಯ ಮುತ್ತುಗ ಇದೆ. ತಿರುವಿನ ಹಾಲವಾಣ ರಸ್ತೆ ಅಗಲ ಮಾಡುವಾಗ ಹೋಯಿತು. ಎಷ್ಟು ಒತ್ತಿದರೂ ಫೋನಿನ ಹೊಟ್ಟೆ ತುಂಬುವುದಿಲ್ಲ. ಒತ್ತುತ್ತ ಬಂದೆ, ಮರ ಇದ್ದ ಜಾಗದ ಬರಿಯ ರಸ್ತೆಯನ್ನೂ.

ಮನೆಗೆ ಬಂದು ಅಪ್ಪನ ನೆಗೆಟಿವ್ ಡಬ್ಬಿ ಇಳಿಸಿದೆ. ಮಿಲ್ ತಾತನ ಕವರ್ ಸಿಕ್ಕಿತು. ಮೊದಲ ತುಂಡಿನಲ್ಲಿ ಮೂರು ತಾತ, ಆಮೇಲೆ ಕತ್ತರಿಯ ಓರೆ ಅಂಚು. ಎರಡನೆಯ ತುಂಡು ಶುರುವಾಗುವುದೇ ಆ ಮರದಿಂದ. ಅದನ್ನು ಬೆಳಕಿಗೆ ಹಿಡಿದು, ಫೋನಿನಲ್ಲಿ ಪಟ ತೆಗೆದು ಬಣ್ಣ ತಿರುಗಿಸಿದೆ. ಹಾಲವಾಣ ಕೆಂಪಗೆ ಎದ್ದಿತು. ಕೆಳಗೆ ಉದುರಿದ ಹೂವು, ನಡುವೆ ಎರಡು ಪಾದದಷ್ಟು ಖಾಲಿ ನೆಲ.

ಕುರ್ಚಿಯಲ್ಲಿದ್ದ ಅಪ್ಪನ ಕೈಗೆ ಕೊಟ್ಟೆ. ಈಗ ಅಪ್ಪನ ಕಣ್ಣೂ ಮಂಜು. ಫೋನನ್ನು ಮುಖದ ಹತ್ತಿರ ತಂದು ತುಂಬ ಹೊತ್ತು ನೋಡಿದ.

"ಸರಸ ಎಲ್ಲವ್ಳೆ ಪಾಪ? ಕಾಣ್ಸಲ್ವಲ್ಲ."

"ಈ ಪಟದಾಗಿಲ್ಲ ಅಪ್ಪ. ಈಗ್ತಾನೆ ಪಕ್ಕಕ್ಕೆ ಸರ್ಕೊಂಡವ್ಳೆ."

ಅಪ್ಪ ಬೆರಳಿನಿಂದ ಪಟವನ್ನು ಪಕ್ಕಕ್ಕೆ ಎಳೆದ. ಬೆಳಿಗ್ಗೆ ನಾನು ತೆಗೆದ ಬರಿಯ ರಸ್ತೆ ಬಂತು. ಅದನ್ನೂ ಎಳೆದ.